ಗ್ರನಾಡಾದಲ್ಲಿ ಎರಡು ರಾತ್ರಿ: ಮೊದಲು ಗಂಟೆ ಗೊತ್ತು ಮಾಡಿ

"ಖರ್ಚಿನ ಯೋಚನೆ ಬೇಡ ಮೇಡಂ, ಒಳ್ಳೆ ಹೋಟೆಲ್ ನೋಡಿ."

ಸ್ಪೇನಿನ ಗ್ರನಾಡಾದಲ್ಲಿ ವಾರಾಂತ್ಯ ಕಳೆಯಲು ಹೊರಟವರು ನನಗೆ ಫೋನ್ ಮಾಡಿದಾಗ ಮೊದಲು ಹೇಳುವುದು ಹೆಚ್ಚಾಗಿ ಇದನ್ನೇ. ಅವರಲ್ಲಿ ಲಂಡನ್, ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್‌ಗಳಲ್ಲಿ ಕೆಲಸಕ್ಕಿರುವ ನಮ್ಮ ಜೋಡಿಗಳೇ ಜಾಸ್ತಿ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಏನಾದರೂ ವಿಶೇಷ ತೋರಿಸಬೇಕು ಅನ್ನುವ ಮಕ್ಕಳೂ ಇದ್ದಾರೆ. ನಾನು ಹೋಟೆಲ್ ಮಾತನ್ನು ಆಮೇಲಕ್ಕೆ ಇಟ್ಟು ಬೇರೆಯೇ ಪ್ರಶ್ನೆ ಕೇಳುತ್ತೇನೆ. "ಅಲ್ಹಂಬ್ರಾ ಒಳಗೆ ಎಷ್ಟು ಗಂಟೆಗೆ ಹೋಗೋಣ ಅಂತಿದ್ದೀರಿ?"

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಈ ಕೆಲಸಕ್ಕೆ ಬಂದ ಹೊಸತು. ಮದುವೆಯಾಗಿ 25 ವರ್ಷ ತುಂಬಿದ ದಂಪತಿಗೆ ಗ್ರನಾಡಾ ಪ್ರವಾಸ ಮಾಡಿಕೊಟ್ಟಿದ್ದೆ. ವಿಮಾನ ಸರಿಯಾಗಿತ್ತು. ಬಾಲ್ಕನಿಯಿಂದ ಬೆಟ್ಟ ಕಾಣುವ ಕೋಣೆ ಸಿಕ್ಕಿತ್ತು. ಕೋಣೆಯಲ್ಲಿ ಹೂ ಇಡಿಸಿದ್ದೆ. ಬೆಟ್ಟದ ಮೇಲಿನ ಅಲ್ಹಂಬ್ರಾ ಅರಮನೆಯ ಟಿಕೆಟ್ ಮಾತ್ರ "ಹೊರಡುವ ಹತ್ತು ದಿನ ಮುಂಚೆ ತೆಗೆದರಾಯಿತು" ಅಂದುಕೊಂಡಿದ್ದೆ. ತೆಗೆಯಲು ಹೋದರೆ ಆ ಮೂರು ದಿನಕ್ಕೆ ಒಂದೂ ಉಳಿದಿರಲಿಲ್ಲ. ಅವರು ಅಷ್ಟು ದೂರ ಹೋಗಿ ಅರಮನೆಯನ್ನು ಹೊರಗಿನಿಂದ ನೋಡಿ ಬಂದರು. ಬಂದ ಮೇಲೆ ನನಗೊಂದು ಬೈಗುಳವನ್ನೂ ಹೇಳಲಿಲ್ಲ. ಅದೇ ಇನ್ನೂ ನೋಯಿಸುತ್ತದೆ.

ಹಾಗಾಗಿ ನನ್ನ ಕ್ರಮ ಈಗ ಹೀಗೆ. ಮೊದಲು ಅರಮನೆಯ ಟಿಕೆಟ್, ಆಮೇಲೆ ಕೋಣೆ, ಕೊನೆಗೆ ವಿಮಾನ. ವೀಸಾ ಬೇಕಾದವರಿಗೆ ಅದೂ ಟಿಕೆಟ್ ಹಿಂದೆಯೇ.

ಯಾಕೆ ಅಂತ ಹೇಳುತ್ತೇನೆ. ಅಲ್ಹಂಬ್ರಾ ಅಂದರೆ ಒಂದು ಕಟ್ಟಡವಲ್ಲ. ಬೆಟ್ಟದ ಮೇಲಿನ ಒಂದು ಪುಟ್ಟ ಊರು. ಕೋಟೆ, ಅರಮನೆಗಳು, ತೋಟ, ಬೀದಿ ಎಲ್ಲವೂ ಅದರಲ್ಲಿದೆ. 13ನೇ ಶತಮಾನದಲ್ಲಿ ಗ್ರನಾಡಾ ಆಳಿದ ನಸ್ರಿದ್ ವಂಶದ ಮುಸ್ಲಿಂ ಸುಲ್ತಾನರು ಇಲ್ಲಿ ನೆಲೆಸಿದರು. 1492ರ ಜನವರಿ 2ರಂದು ಕೊನೆಯ ಸುಲ್ತಾನ ಬೊಆಬ್ದಿಲ್ ಊರನ್ನು ಸ್ಪೇನಿನ ಕ್ರೈಸ್ತ ರಾಣಿ ಇಸಬೆಲ್ಲಾ, ರಾಜ ಫರ್ಡಿನೆಂಡ್ ಅವರಿಗೆ ಬಿಟ್ಟುಕೊಟ್ಟ. ಇಷ್ಟು ದೊಡ್ಡ ಜಾಗದಲ್ಲಿ ಎಲ್ಲರೂ ನೋಡಲೇಬೇಕು ಅನ್ನುವ ಭಾಗ ನಸ್ರಿದ್ ಅರಮನೆಗಳು. ಅಲ್ಲಿನ ಕೋಣೆಗಳು ದೊಡ್ಡವಲ್ಲ, ಗೋಡೆಯ ಗಾರೆ ಕೆಲಸ ನಾಜೂಕು. ಅದಕ್ಕೇ ಅರ್ಧ ಗಂಟೆಗೆ ಇಂತಿಷ್ಟೇ ಜನ ಅಂತ ಒಳಗೆ ಬಿಡುತ್ತಾರೆ. ನಿಮ್ಮ ಟಿಕೆಟ್ಟಿನಲ್ಲಿ ಹೊತ್ತು ಅಚ್ಚಾಗಿರುತ್ತದೆ. ಅದು ತಪ್ಪಿದರೆ ಒಳಗೆ ಬಿಡುವುದಿಲ್ಲ. ದುಡ್ಡು ಎಷ್ಟಿದ್ದರೂ ಆ ಅರ್ಧ ಗಂಟೆಯನ್ನು ಕೊನೇ ಗಳಿಗೆಯಲ್ಲಿ ಕೊಳ್ಳಲು ಆಗುವುದಿಲ್ಲ. ಏಪ್ರಿಲ್, ಮೇ, ಅಕ್ಟೋಬರ್ ವಾರಾಂತ್ಯಗಳಿಗೆ ನಾನು ತಿಂಗಳುಗಳ ಮೊದಲೇ ಅಧಿಕೃತ ತಾಣದಲ್ಲಿ ಟಿಕೆಟ್ ತೆಗೆದಿಡುತ್ತೇನೆ.

ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಪಾಸ್‌ಪೋರ್ಟ್ ಸಂಖ್ಯೆಯನ್ನೂ ಕೇಳುತ್ತಾರೆ. ನಮ್ಮವರಿಗೆ ಇಲ್ಲಿ ಒಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ಉದ್ದಕ್ಕಿರುತ್ತದೆ. ಬುಕ್ ಮಾಡುವವರು ಕರೆಯುವ ಹೆಸರನ್ನಷ್ಟೇ ಹಾಕಿಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಅಕ್ಷರಕ್ಕೆ ಅಕ್ಷರ ಹಾಕಿ. ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ಒಬ್ಬರು ಅದನ್ನು ಹೋಟೆಲಿನ ಲಾಕರಿನಲ್ಲಿಟ್ಟು ಬೆಟ್ಟ ಹತ್ತಿದ್ದರು. ಮತ್ತೆ ಇಳಿದು, ತಗೊಂಡು ಬರುವಷ್ಟರಲ್ಲಿ ಅವರ ಹೊತ್ತು ಮುಗಿದಿತ್ತು. ಪುಟ್ಟ ಮಕ್ಕಳಿಗೆ ದುಡ್ಡಿಲ್ಲದಿದ್ದರೂ ಅವರ ಹೆಸರಿನಲ್ಲಿ ಟಿಕೆಟ್ ಬೇಕು.

ಈಗ ಯಾವ ಹೊತ್ತು? ನನ್ನ ಆಯ್ಕೆ ಬೆಳಗಿನ ಮೊದಲ ಹೊತ್ತು, 8.30. ಅಷ್ಟು ಬೆಳಿಗ್ಗೆ ದೂರದ ಊರುಗಳಿಂದ ಬರುವ ಬಸ್ಸುಗಳು ಇನ್ನೂ ಬಂದಿರುವುದಿಲ್ಲ. ಗಿಡದ ಸಾಲಿನ ಅಂಗಳದಲ್ಲಿ ಉದ್ದನೆಯ ಕೊಳವಿದೆ. ನೀರು ಅಲುಗಾಡದೆ ನಿಂತಿರುತ್ತದೆ, ಕೊಮಾರೆಸ್ ಗೋಪುರ ಅದರಲ್ಲಿ ತಲೆಕೆಳಗಾಗಿ ಪೂರ್ತಿ ಕಾಣುತ್ತದೆ. ಹತ್ತು ಗಂಟೆಯ ಮೇಲೆ ಅದೇ ಜಾಗದಲ್ಲಿ ಫೋಟೊ ತೆಗೆಯುವವರ ಬೆನ್ನು ಕಾಣುತ್ತದೆ. ಗೋಪುರದ ಒಳಗಿನ ರಾಯಭಾರಿಗಳ ಸಭಾಂಗಣದಲ್ಲಿ ತಲೆಯೆತ್ತಿ ನೋಡಿ. ಆ ಚಾವಣಿಯನ್ನು 8,000ಕ್ಕೂ ಹೆಚ್ಚು ಮರದ ತುಂಡುಗಳಿಂದ ಜೋಡಿಸಿದ್ದಾರೆ. ಕತ್ತಲಲ್ಲಿ ನಕ್ಷತ್ರ ಚೆಲ್ಲಿದ ಹಾಗೆ. ಅಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲಬೇಕು. ಹಾಗೆ ನಿಲ್ಲುವುದಕ್ಕೆ ಜಾಗ ಇರುತ್ತದಲ್ಲ, ಅದಕ್ಕೇ ನಾನು ಐಷಾರಾಮ ಅನ್ನುವುದು.

ಮುಂದೆ ಸಿಂಹಗಳ ಅಂಗಳ. ಸುಲ್ತಾನ ಐದನೇ ಮುಹಮ್ಮದ್ 14ನೇ ಶತಮಾನದ ದ್ವಿತೀಯಾರ್ಧದಲ್ಲಿ ಕಟ್ಟಿಸಿದ್ದು. 124 ತೆಳು ಕಂಬಗಳು, ನಡುವೆ 12 ಅಮೃತಶಿಲೆಯ ಸಿಂಹಗಳು ಹೊತ್ತ ಕಾರಂಜಿ. ಆ ಬೋಗುಣಿಯ ಅಂಚಿನಲ್ಲಿ ಕವಿ ಇಬ್ನ್ ಝಮ್ರಕ್ ಬರೆದ ಪದ್ಯ ಕೆತ್ತಿದ್ದಾರೆ. ನೀರು ಯಾವುದು, ಕಲ್ಲು ಯಾವುದು, ಹರಿಯುತ್ತಿರುವುದು ಎರಡರಲ್ಲಿ ಯಾವುದು ಎಂಬ ಬೆರಗು ಅದರಲ್ಲಿದೆ. ಗೋಡೆಯ ಬರಹವನ್ನು ಬರೀ ಅಲಂಕಾರ ಅಂದುಕೊಂಡು ದಾಟಿಹೋಗುವವರೇ ಜಾಸ್ತಿ. ಅದಕ್ಕೇ ನಾನು ಕೋಣೆಯ ದರ್ಜೆಯಲ್ಲಿ ಒಂದು ಮೆಟ್ಟಿಲು ಇಳಿದರೂ ಪರವಾಗಿಲ್ಲ, ನಿಮಗಾಗಿಯೇ ಒಬ್ಬ ಪರವಾನಗಿ ಇರುವ ಗೈಡ್ ಇರಲಿ ಅನ್ನುತ್ತೇನೆ. ಮೂರು ಗಂಟೆ ಸಾಕು. ಗೋಡೆಗಳು ಓದುವ ಪುಸ್ತಕವಾಗುತ್ತವೆ.

ವಾರಾಂತ್ಯದಲ್ಲಿ ಇನ್ನೊಂದು ಅನುಕೂಲವಿದೆ. ಶುಕ್ರವಾರ, ಶನಿವಾರ ರಾತ್ರಿ ನಸ್ರಿದ್ ಅರಮನೆಗಳಿಗೆ ಬೇರೆ ಟಿಕೆಟ್ ಇರುತ್ತದೆ. ರಾತ್ರಿ ಜನ ಕಮ್ಮಿ, ದೀಪ ಮಂದ. ನೀರಿನ ಸದ್ದು ಹಗಲಿಗಿಂತ ಚೆನ್ನಾಗಿ ಕೇಳುತ್ತದೆ. ಆದರೆ ಚಾವಣಿಯ ಕೆಲಸ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಒಂದೇ ಸಲ ಆಗುವುದಾದರೆ ಬೆಳಿಗ್ಗೆ. ಎರಡೂ ಆಗುವುದಾದರೆ ಶುಕ್ರವಾರ ರಾತ್ರಿ ಒಮ್ಮೆ, ಶನಿವಾರ ಬೆಳಿಗ್ಗೆ ಇನ್ನೊಮ್ಮೆ. ರಾತ್ರಿ ಅರೆಬರೆ ಕಂಡದ್ದು ಬೆಳಿಗ್ಗೆ ಬೆಳಕಿನಲ್ಲಿ ಬಿಡಿಸಿಕೊಳ್ಳುವುದನ್ನು ನೋಡಲು ಇನ್ನೊಂದು ಟಿಕೆಟ್ಟಿನ ದುಡ್ಡು ದೊಡ್ಡದಲ್ಲ.

ಹೊತ್ತು ಗೊತ್ತಾಯಿತು ಅಂದರೆ ಕೋಣೆ ಎಲ್ಲಿ ಅನ್ನುವುದು ತಾನೇ ಇತ್ಯರ್ಥವಾಗುತ್ತದೆ. ರಾತ್ರಿ ತಡವಾಗಿ ಅರಮನೆಯಿಂದ ಹೊರಬಂದು, ಬೆಳಿಗ್ಗೆ 8.30ಕ್ಕೆ ಮತ್ತೆ ಅಲ್ಲೇ ಇರಬೇಕು ಅನ್ನುವವರು ಬೆಟ್ಟದ ಮೇಲೇ ಉಳಿಯಬೇಕು. ಕೋಟೆಯ ಒಳಗೇ ಪಾರಾದೋರ್ ಇದೆ. ಪಾರಾದೋರ್ ಅಂದರೆ ಹಳೆಯ ಕೋಟೆ, ಮಠಗಳನ್ನು ಉಳಿಸಿಕೊಂಡು ಸ್ಪೇನ್ ಸರಕಾರವೇ ನಡೆಸುವ ಹೋಟೆಲುಗಳ ಸರಣಿ, 1928ರಲ್ಲಿ ಶುರುವಾದದ್ದು. ಗ್ರನಾಡಾದ್ದು ಹಿಂದೆ ಸಂತ ಫ್ರಾನ್ಸಿಸ್ ಮಠವಾಗಿತ್ತು. ಅದಕ್ಕೂ ಮೊದಲು ಅಲ್ಲಿದ್ದದ್ದು ನಸ್ರಿದರ ಒಂದು ಅರಮನೆ. ಇಸಬೆಲ್ಲಾ, ಫರ್ಡಿನೆಂಡ್ ಇಬ್ಬರನ್ನೂ ಮೊದಲು ಮಣ್ಣು ಮಾಡಿದ್ದು ಇಲ್ಲೇ. 1521ರಲ್ಲಿ ಕೆಳಗಿನ ರಾಜಪ್ರಾರ್ಥನಾ ಮಂದಿರಕ್ಕೆ ಒಯ್ದರು.

ಬಾಡಿಗೆ ಜಾಸ್ತಿ. ಕೆಳಗಿನ ಊರಿನ ಒಳ್ಳೆಯ ಹೋಟೆಲಿನ ಎರಡು ಪಟ್ಟು ಆಗುವುದೂ ಉಂಟು. ಕೋಣೆಯಲ್ಲಿ ಅಷ್ಟು ದುಡ್ಡಿಗೆ ತಕ್ಕ ಥಳಕು ಇಲ್ಲ, ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ನೀವು ದುಡ್ಡು ಕೊಡುವುದು ಜಾಗಕ್ಕೆ, ಹೊತ್ತಿಗೆ. ಸಂಜೆ ಜನರೆಲ್ಲ ಇಳಿದುಹೋದ ಮೇಲೆ ಆ ಬೀದಿಯಲ್ಲಿ ನೀವು ನಡೆಯಬಹುದು. ಟಿಕೆಟ್ ಬೇಡದ ಭಾಗಗಳು ಒಳಗೆ ಸಾಕಷ್ಟಿವೆ. 1348ರಲ್ಲಿ ಕಟ್ಟಿದ ನ್ಯಾಯದ ಬಾಗಿಲಿನ ತನಕ ನಿಧಾನಕ್ಕೆ ಹೋಗಿ ಬರಬಹುದು. ಕಾಲುವೆಯ ನೀರು ಹರಿಯುವ ಸದ್ದು ಬಿಟ್ಟರೆ ಬೇರೆ ಸದ್ದು ಕಡಿಮೆ. ಕೋಣೆಗಳು ನಲವತ್ತರ ಆಸುಪಾಸು ಮಾತ್ರ, ಬೇಗ ಮುಗಿದುಹೋಗುತ್ತವೆ.

ಅದು ಸಿಗದಿದ್ದರೆ ಎದುರಿನ ಗುಡ್ಡ ಅಲ್ಬಾಯ್ಸಿನ್ ಇದೆ. ಅಲ್ಲಿ ಗೋಡೆ ಕಟ್ಟಿದ ಕೈತೋಟವಿರುವ ಮನೆಗೆ ಕಾರ್ಮೆನ್ ಅನ್ನುತ್ತಾರೆ. ಕೆಲವು ಹಳೇ ಮನೆಗಳು ಈಗ ಪುಟ್ಟ ಹೋಟೆಲುಗಳಾಗಿವೆ. ಕಿಟಕಿ ತೆಗೆದರೆ ಎದುರಿಗೆ ಅಲ್ಹಂಬ್ರಾ, ಅದರ ಹಿಂದೆ ಸಿಯೆರಾ ನೆವಾಡಾದ ಹಿಮ. ನೋಟಕ್ಕೆ ಪಾರಾದೋರ್‌ಗಿಂತ ಇದೇ ಮೇಲು. ಮಂಡಿನೋವು ಇರುವವರನ್ನು ಮಾತ್ರ ನಾನು ಇಲ್ಲಿಗೆ ಕಳಿಸುವುದಿಲ್ಲ. ಬೀದಿಗಳೆಲ್ಲ ಉರುಟು ಕಲ್ಲಿನವು, ಏರು, ಕೆಲವೆಡೆ ಬರೀ ಮೆಟ್ಟಿಲು. ಕಾರು ಬಾಗಿಲಿನ ತನಕ ಬರುವುದಿಲ್ಲ. ಗಾಲಿ ಸೂಟ್‌ಕೇಸ್ ಎಳೆಯುವುದು ಶಿಕ್ಷೆ. ಬುಕ್ ಮಾಡುವ ಮೊದಲು ಹೋಟೆಲಿನವರಿಗೆ ಒಂದೇ ಮಾತು ಕೇಳಿ: ಟ್ಯಾಕ್ಸಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು?

ಇನ್ನು ವಿಮಾನ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಲ್ಲಿಂದ ಹೊರಡುವವರು ಇದನ್ನು ಹತ್ತು ದಿನದ ಸ್ಪೇನ್ ಪ್ರವಾಸದ ನಡುವಿನ ಎರಡು ರಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ಮ್ಯಾಡ್ರಿಡ್‌ನಿಂದ ವೇಗದ ರೈಲು 2019ರಿಂದ ಓಡುತ್ತಿದೆ, ಮೂರೂವರೆ ಗಂಟೆಯೊಳಗೆ ತಲುಪಿಸುತ್ತದೆ. ಯುರೋಪಿನಲ್ಲಿರುವವರಿಗೆ ಮಾಲಗಾ ಸಲೀಸು. ಬಹುತೇಕ ದೊಡ್ಡ ಊರುಗಳಿಂದ ಅಲ್ಲಿಗೆ ವಿಮಾನವಿದೆ, ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ. ಗ್ರನಾಡಾದ ಸ್ವಂತ ವಿಮಾನ ನಿಲ್ದಾಣದ ಸಂಕೇತ ಜಿಆರ್‌ಎಕ್ಸ್. ಹುಡುಕುವಾಗ ಕೆರಿಬಿಯನ್ ದ್ವೀಪ ಗ್ರೆನೇಡಾ ಬಂದುಬಿಡುತ್ತದೆ, ನೋಡಿಕೊಳ್ಳಿ. ಬ್ರಿಟನ್ನಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಷೆಂಗೆನ್ ವೀಸಾ ಬೇಕೇ ಬೇಕು. ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ತಡ ಮಾಡಬೇಡಿ.

ತಿಂಗಳು ಯಾವುದು ಅಂತ ಕೇಳಿದರೆ ಏಪ್ರಿಲ್ ಕೊನೆ, ಮೇ, ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಬಿಸಿಲು 35 ಡಿಗ್ರಿ ಸುಲಭವಾಗಿ ದಾಟುತ್ತದೆ. ಚಳಿಗಾಲದ ರಾತ್ರಿ ಗಡಗಡ ನಡುಗಿಸುತ್ತದೆ. ಈಸ್ಟರ್ ಹಿಂದಿನ ವಾರ ಮೆರವಣಿಗೆ ನೋಡುವ ಆಸೆ ಇದ್ದರೆ ಮಾತ್ರ ಹೋಗಿ.

ಶನಿವಾರ ಅರಮನೆ ಮುಗಿಸಿ ಹೆನೆರಲೀಫೆ ತೋಟಕ್ಕೆ ಹೋಗಿ ಬಂದರೆ ಮಧ್ಯಾಹ್ನ. ಆಮೇಲೆ ನನ್ನ ಪ್ಲಾನಿನಲ್ಲಿ ಮೂರು ಗಂಟೆ ಖಾಲಿ. ಕೆಲವರು ಕೇಳುತ್ತಾರೆ, "ಇಲ್ಲಿ ಏನೂ ಹಾಕಿಲ್ಲವಲ್ಲ?" ಬೇಕೆಂದೇ ಹಾಕಿಲ್ಲ. ಆ ಊರೇ ಆಗ ಬಾಗಿಲು ಹಾಕಿಕೊಳ್ಳುತ್ತದೆ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿ ಊಟ ಒಂಬತ್ತರ ಮೇಲೆ. ಏಳಕ್ಕೆ ಊಟ ಮಾಡುವ ನಮ್ಮ ಹಿರಿಯರಿಗೆ ಇದು ಕಷ್ಟ. ಅವರ ಚೀಲದಲ್ಲಿ ಸಂಜೆಗೆ ಚಕ್ಕುಲಿ, ಕೋಡುಬಳೆ ಇರಲಿ ಅಂತ ನಾನೇ ಹೇಳಿ ಕಳಿಸುತ್ತೇನೆ.

ಸಂಜೆಗೆ ಅರಬ್ಬೀ ಶೈಲಿಯ ಸ್ನಾನಗೃಹ. ದಾರೊ ನದಿಯ ದಡದಲ್ಲಿ 11ನೇ ಶತಮಾನದ ಹಳೇ ಸ್ನಾನಗೃಹ ಒಂದಿದೆ, ಅದು ನೋಡಲಿಕ್ಕೆ ಮಾತ್ರ. ಹತ್ತಿರದಲ್ಲೇ ಈ ಕಾಲದವರು ಅದೇ ರೀತಿ ಕಟ್ಟಿ ನಡೆಸುತ್ತಿರುವುದಿದೆ. ಉಗುರುಬೆಚ್ಚಗಿನ, ಬಿಸಿ, ತಣ್ಣಗಿನ ಕೊಳಗಳು, ಕೊನೆಗೆ ಎಣ್ಣೆ ಹಚ್ಚಿ ತಿಕ್ಕುವುದು. ಒಂದೂವರೆ ಗಂಟೆಯ ಸರದಿ. ಮೊದಲೇ ಬುಕ್ ಮಾಡಬೇಕು, ಈಜುಡುಗೆ ತರಬೇಕು. ಬೆಳಿಗ್ಗೆಯಿಂದ ಕಲ್ಲು ಹಾಸಿನ ಮೇಲೆ ನಡೆದ ಕಾಲಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಸೂರ್ಯ ಮುಳುಗುವುದನ್ನು ನೋಡಲು ಎಲ್ಲರೂ ಅಲ್ಬಾಯ್ಸಿನ್ ಗುಡ್ಡದ ಸಾನ್ ನಿಕೊಲಾಸ್ ಕಟ್ಟೆಗೆ ಹೋಗುತ್ತಾರೆ. ಒಮ್ಮೆ ಹೋಗಿ, ಚೀಲ ಮುಂದೆ ಹಾಕಿಕೊಂಡು. ಗದ್ದಲ ಬೇಡ ಅನ್ನುವವರಿಗೆ ಕೆಳಗಿನ ಕಾರ್ವಾಹಾಲೆಸ್ ಎಂಬ ಪುಟ್ಟ ಚೌಕ ಇದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಹುಷಾರಾಗಿರಬೇಕು. ಗ್ರನಾಡಾದ ಬಾರುಗಳಲ್ಲಿ ಕುಡಿಯಲು ಏನಾದರೂ ತಗೊಂಡರೆ ಜೊತೆಗೊಂದು ಪುಟ್ಟ ತಟ್ಟೆ ತಿನಿಸು ಬಿಟ್ಟಿ ಬರುತ್ತದೆ, ಅದು ಆ ಊರಿನ ರೂಢಿ. ತಟ್ಟೆಯಲ್ಲಿ ಏನಿರುತ್ತದೆ ಅಂತ ಗೊತ್ತಿರುವುದಿಲ್ಲ. "ಮಾಂಸ ಬೇಡ" ಅಂದರೆ ಮೀನು ಬರಬಹುದು, ಹಂದಿಯ ಹಮೋನ್ ಚೂರುಗಳೂ ಬರಬಹುದು. ಅದಕ್ಕೆ ಮೂರನ್ನೂ ಹೆಸರಿಟ್ಟು ಹೇಳಿ: ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್. ಬೆರೆನ್‌ಹೇನಾಸ್ ಕಾನ್ ಮಿಯೆಲ್ ಅಂತ ಒಂದಿದೆ. ಬದನೆಕಾಯಿ ಗರಿಗರಿಯಾಗಿ ಕರಿದು ಮೇಲೆ ಕಪ್ಪು ಪಾಕ ಸುರಿದದ್ದು. ಮಿಯೆಲ್ ಅಂದರೆ ಜೇನು, ಆದರೆ ಇಲ್ಲಿ ಹಾಕುವುದು ಹೆಚ್ಚಾಗಿ ಕಬ್ಬಿನ ಪಾಕ. ಕಬ್ಬನ್ನು ಸ್ಪೇನಿನ ಈ ಭಾಗದ ಕರಾವಳಿಗೆ ತಂದವರು ಅರಬರು. ಮಲೆನಾಡಿನ ಒಬ್ಬ ಅಮ್ಮ ಒಂದು ತುಂಡು ಬಾಯಿಗಿಟ್ಟು, "ಇದು ಜೋನಿಬೆಲ್ಲವೇ ಕಣೇ" ಅಂದರಂತೆ. ಮಗಳು ಬಂದು ಹೇಳಿದಾಗ ನನಗೆ ತುಂಬ ಖುಷಿಯಾಯಿತು.

ಭಾನುವಾರ ಕೆಳಗಿನ ಊರಿಗೆ. ರಾಜಪ್ರಾರ್ಥನಾ ಮಂದಿರದಲ್ಲಿ ಆ ರಾಜ, ರಾಣಿಯ ಸಮಾಧಿಯಿದೆ. ನೀವು ಪಾರಾದೋರ್‌ನಲ್ಲಿ ಮಲಗಿದ್ದರೆ ಅವರು ಎಲ್ಲಿಂದ ಇಲ್ಲಿಗೆ ಬಂದರು ಅಂತ ನೋಡಿಯೇ ಬಂದಿರುತ್ತೀರಿ. ಪಕ್ಕದ ಕೆಥೆಡ್ರಲ್‌ಗೆ ಅರ್ಧ ಗಂಟೆ. ಅಂಗಡಿಗಳು ಭಾನುವಾರ ಹೆಚ್ಚಾಗಿ ಮುಚ್ಚಿರುತ್ತವೆ. ಆದ್ದರಿಂದ ತಾರಾಸೆಯಾ ಕೊಳ್ಳುವವರು ಶನಿವಾರವೇ ಮುಗಿಸಬೇಕು. ಮರದಲ್ಲಿ ಮರ, ಮೂಳೆ, ಚಿಪ್ಪು ಕೂರಿಸಿ ಮಾಡುವ ಪೆಟ್ಟಿಗೆಗಳವು. ಮೈಸೂರಿನ ಇನ್ಲೇ ಕೆಲಸ ನೋಡಿ ಬೆಳೆದವರ ಕಣ್ಣು ತಾನೇ ಅಲ್ಲಿಗೆ ಹೋಗುತ್ತದೆ. ಬೆಲೆ ತುಂಬ ಕಡಿಮೆ ಇದ್ದರೆ ಮೇಲೆ ಅಂಟಿಸಿದ ಹಾಳೆ ಇರಬಹುದು. ಕೈಯಲ್ಲಿ ಮಾಡುವವರ ಅಂಗಡಿಯಲ್ಲೇ ಕೇಳಿ.

ಮೊಟ್ಟೆ ತಿನ್ನುವವರು ಹೊರಡುವ ಮೊದಲು ಒಂದು ಪೆಟ್ಟಿಗೆ ಪಿಯೊನೊನೊ ಕಟ್ಟಿಸಿಕೊಳ್ಳಿ. ಪಾಕದಲ್ಲಿ ನೆನೆಸಿದ ಪುಟ್ಟ ಸುರುಳಿ ಕೇಕು, ಮೇಲೆ ಸುಟ್ಟ ಕೆನೆ. ಪಕ್ಕದ ಸಾಂತಾ ಫೆ ಊರಿನದು, ಒಂಬತ್ತನೇ ಪಯಸ್ ಪೋಪರ ಹೆಸರು ಹೊತ್ತದ್ದು. ಮಾಲಗಾದ ದಾರಿಯಲ್ಲಿ ತಿಂದುಬಿಡಿ, ಮನೆ ಸೇರುವ ತನಕ ಚೆನ್ನಾಗಿ ಉಳಿಯುವುದಿಲ್ಲ.