ಹಂಡೆಯ ಸುಣ್ಣ, ಗುಹೆಯ ಸುಣ್ಣ

ಗದಗ ಸೀಮೆಯ ಬೋರಿನ ಗಡಸು ನೀರನ್ನು ದಿನವೂ ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟುತ್ತದೆ. ಹುಣಸೆಹುಳಿ ಹಚ್ಚಿಟ್ಟು ತಿಕ್ಕಿದರೆ ಬಿಡುತ್ತದೆ. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗುತ್ತದೆ. ಹುಳಿ ತಾಗಿದಾಗ ಆ ಕಲ್ಲು ಪುನಃ ಕರಗುತ್ತದೆ. ಗುಹೆಗಳ ಹುಟ್ಟಿನಲ್ಲಿರುವುದೂ ಈ ಎರಡೇ ಕ್ರಿಯೆಗಳು, ನಿಧಾನ ಮಾತ್ರ ಹೆಚ್ಚು. ಮಳೆನೀರು ಗಾಳಿಯಿಂದ ಒಂದಿಷ್ಟು, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮಣ್ಣಿನಿಂದ ಅದಕ್ಕಿಂತ ಬಹಳ ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿ, ಸುಣ್ಣದ ಕಲ್ಲಿನ ಕೂದಲೆಳೆಯಂಥ ಬಿರುಕುಗಳಿಗಿಳಿದು ಅವನ್ನು ಸಾವಿರಾರು ವರ್ಷ ಸವೆಸುತ್ತದೆ. ಅಗಲವಾದ ಬಿರುಕಿಗೆ ಹೆಚ್ಚು ನೀರು, ಹೆಚ್ಚು ನೀರು ಹರಿದ ಬಿರುಕಿಗೆ ಮತ್ತಷ್ಟು ಅಗಲ. ಹೀಗಾಗಿ ನೂರಾರು ಬಿರುಕುಗಳಲ್ಲಿ ಗುಹೆಯಾಗುವವು ಕೆಲವೇ.

ಹುಬ್ಬಳ್ಳಿ-ಧಾರವಾಡದವರಿಗೆ ಗುಹೆ ಎಂದೊಡನೆ ನೆನಪಾಗುವ ಬಾದಾಮಿ ಈ ಲೆಕ್ಕಕ್ಕೆ ಬಾರದು. ಅದು ಮರಳುಗಲ್ಲಿನಲ್ಲಿ ಉಳಿ ಕಡೆದದ್ದು. ಕಪ್ಪತಗುಡ್ಡದ ಕಬ್ಬಿಣದ ಪಟ್ಟೆಗಲ್ಲೂ ನೀರಿಗೆ ಸುಲಭವಾಗಿ ಕರಗುವಂಥದ್ದಲ್ಲ. ಕಪ್ಪತಗುಡ್ಡದಂಥ ನಮ್ಮ ಕಲ್ಲುಗಳ ಸಮೂಹಕ್ಕೆ ಧಾರವಾಡದ ಹೆಸರಿಟ್ಟ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರೇ 1884ರಲ್ಲಿ ಆಂಧ್ರದ ಬೇಲಂ ಗುಹೆಗಳನ್ನೂ ದಾಖಲಿಸಿದರು. ಸುಣ್ಣದ ಕಲ್ಲಿನೊಳಗಿನ ಆ ಗುಹೆಗಳ ಉದ್ದ 3,229 ಮೀಟರ್. ನಮಗೆ ಇನ್ನೂ ಹತ್ತಿರದ್ದು ದಾಂಡೇಲಿ ಕಾಡಿನ ಕವಳಾ ಗುಹೆ. ಅಲ್ಲಿ ತೊಟ್ಟಿಕ್ಕಿದ ನೀರೇ ಬೆಳೆಸಿದ ಕಲ್ಲು ಶಿವಲಿಂಗವಾಗಿ ಪೂಜೆಗೊಳ್ಳುತ್ತದೆ.

ಸುಣ್ಣದ ಕಲ್ಲು ಕರಗಿ ಗುಹೆಗಳಾಗುವ ಇಂಥ ನೆಲಕ್ಕೆ ಕಾರ್ಸ್ಟ್ ಎಂಬ ಹೆಸರು ಸ್ಲೊವೇನಿಯಾ-ಇಟಲಿ ಗಡಿಯ ಪ್ರಸ್ಥಭೂಮಿಯಿಂದ ಬಂದದ್ದು. ಹೊಳೆಗಳು ನೆಲದೊಳಗೆ ಮಾಯವಾಗುವ, ಬಟ್ಟಲಿನಂತೆ ನೆಲ ಕುಸಿಯುವ ಆ ಸೀಮೆಯನ್ನು ಸರ್ಬಿಯಾದ ಯೊವಾನ್ ಸ್ವಿಯಿಚ್ 1893ರಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ಆದರೆ ಗುಹೆ ಕೊರೆಯುವುದು ಅಂತರ್ಜಲ ಮಟ್ಟದ ಮೇಲೆ ಹರಿಯುವ ನೀರೋ, ಕೆಳಗೆ ತುಂಬಿ ನಿಂತ ನೀರೋ ಎಂಬ ವಾದ ತೀರಲಿಲ್ಲ. ಅಮೆರಿಕದ ವಿಲಿಯಂ ಮಾರಿಸ್ ಡೇವಿಸ್ 1930ರಲ್ಲಿ ಕೆಳಗಿನ ನೀರಿನ ಪರ ನಿಂತರು. ಕಣಿವೆ ಆಳವಾಗಿ ನೀರಿನ ಮಟ್ಟ ಇಳಿದು, ಗಾಳಿ ಹೊಕ್ಕ ಮೇಲಷ್ಟೇ ಛಾವಣಿಯಿಂದ ಕಲ್ಲಿನ ಜೋಲುಗಳು ಇಳಿಯತೊಡಗುತ್ತವೆ ಎಂಬುದು ಅವರ ವಾದ.

ನನ್ನ ಮಟ್ಟಿಗೆ ಈ ವ್ಯಾಜ್ಯದ ಒಳ್ಳೆಯ ಸಾಕ್ಷಿ ಕೆಲವು ಗುಹೆಗಳ ಅಡ್ಡಸೀಳಿನ ಆಕಾರವೇ. ಹಳೆಯ ಬೀಗದ ಕೀಲಿತೂತಿನಂತೆ ಮೇಲೆ ದುಂಡಗೆ, ಕೆಳಗೆ ಕಿರಿದಾದ ಸೀಳು: ದುಂಡನೆಯ ಭಾಗ ನೀರು ತುಂಬಿದ್ದಾಗ ಎಲ್ಲ ದಿಕ್ಕಿಗೂ ಕರಗಿದ್ದು, ಸೀಳು ನೀರಿಳಿದ ಮೇಲೆ ತಳದಲ್ಲಿ ಹರಿದ ಹೊಳೆ ಕೊರೆದದ್ದು.