ಇಲಿ ಓಡಿಸುವ ಮಷೀನು: ಸದ್ದೇನೋ ಬರುತ್ತೆ, ಆಮೇಲೆ?

ಮಳೆಗಾಲದಲ್ಲಿ ಗಟಾರ ತುಂಬಿತು ಅಂದ್ರೆ ಮುಂಬೈನ ಹೆಗ್ಗಣಗಳು ಗ್ರೌಂಡ್ ಫ್ಲೋರ್ ಮನೆಗಳ ಕಡೆ ಹೊರಡುತ್ತವೆ. ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ಎಷ್ಟೋ ಮನೆಗಳಲ್ಲಿ ಈಗ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಬಿಳಿ ಡಬ್ಬಿ ಇದೆ. ನಮ್ಮ ಕಿವಿಗೆ ಕೇಳದಷ್ಟು ಕೀರಲು ಸದ್ದು ಹೊರಡಿಸಿ ಇಲಿ ಓಡಿಸುತ್ತಂತೆ. ನೀಲಿ ಲೈಟು ಬೇರೆ. "ಲೈಟ್ ಉರೀತಿದೆಯಲ್ಲ, ಕೆಲಸ ಮಾಡ್ತಿದೆ ಬಿಡಿ" ಅಂತಾರೆ ಪಕ್ಕದ ಮನೆ ಆಂಟಿ. ಡಬ್ಬಿಯ ಮೇಲೆ ಇಲಿ, ಜಿರಲೆ, ಸೊಳ್ಳೆ, ಹಲ್ಲಿ ಎಲ್ಲದರ ಚಿತ್ರ. ಅನುಮಾನ ಬರಬೇಕಾದ್ದು ಅಲ್ಲೇ. ಇಷ್ಟೊಂದು ಪ್ರಾಣಿಗಳ ಕಿವಿ ಒಂದೇ ಥರ ಇರುತ್ತಾ?

ಸದ್ದು ಎಷ್ಟು ಕೀರಲು ಅನ್ನೋದನ್ನು ಹರ್ಟ್ಸ್‌ನಲ್ಲಿ ಅಳೀತಾರೆ, ಸಾವಿರ ಹರ್ಟ್ಸ್ ಅಂದ್ರೆ ಒಂದು ಕಿಲೋಹರ್ಟ್ಸ್. ನಮಗೆ 20 ಕಿಲೋಹರ್ಟ್ಸ್ ದಾಟಿದ ಸದ್ದು ಕೇಳಲ್ಲ. ಇಲಿಗೆ ಸುಮಾರು 80ರವರೆಗೂ ಕೇಳುತ್ತೆ, ಇಲಿಗಳು ತಮ್ಮೊಳಗೆ ಮಾತಾಡಿಕೊಳ್ಳೋದೂ ಬಹುಪಾಲು ಅದೇ ಸದ್ದಿನಲ್ಲಿ. ಹಾಗಾಗಿ ಇಲಿಯ ಮಟ್ಟಿಗೆ ಇದು ಪೂರ್ತಿ ಬೊಗಳೆ ಅಲ್ಲ. ಹೊಸದರಲ್ಲಿ ಬೆದರುತ್ತೆ ಕೂಡ. ಆದರೆ ಸದ್ದಿನಿಂದ ತನಗೇನೂ ಆಗಲ್ಲ ಅಂತ ಕೆಲವೇ ದಿನಗಳಲ್ಲಿ ಗೊತ್ತಾಗಿ, ಅಕ್ಕಿ ಡಬ್ಬದ ಹತ್ತಿರ ಆರಾಮಾಗಿ ಓಡಾಡಿಕೊಂಡಿರುತ್ತೆ. ಲೋಕಲ್ ಟ್ರೇನಿನ ಗದ್ದಲದಲ್ಲಿ ನಿದ್ದೆ ಹೊಡೆಯುವ ನಮಗೆ ಇದು ಅರ್ಥವಾಗಬೇಕು ಅಲ್ವಾ?

ಇನ್ನೊಂದು ತೊಂದರೆ, ಈ ಸದ್ದು ಗಾಳಿಯಲ್ಲಿ ಬೇಗ ಸೊರಗುತ್ತೆ, ಗೋಡೆ ದಾಟಲ್ಲ, ಅಡ್ಡ ಸಿಕ್ಕ ವಸ್ತುವಿನ ಹಿಂದಕ್ಕೂ ಅಷ್ಟಾಗಿ ಹೋಗಲ್ಲ. ಇಲಿ ಇರೋದು ಸಿಲಿಂಡರ್ ಹಿಂದೆ, ಸಿಂಕಿನ ಕೆಳಗೆ, ಫ್ರಿಜ್ಜಿನ ಬೆನ್ನಿಗೆ. ಹಾಲ್‌ನಲ್ಲಿ ಸಿಕ್ಕಿಸಿದ ಡಬ್ಬಿ ಸುಮ್ನೆ ಸೋಫಾಗೆ ಕೂಗಿ ಹೇಳುತ್ತಿರುತ್ತೆ.

ಸೊಳ್ಳೆ ವಿಷಯದಲ್ಲಂತೂ ಯಾವ ಆಸೆಯೂ ಬೇಡ. ಅದು ಮೀಸೆಯಲ್ಲಿ ಕೇಳಿಸಿಕೊಳ್ಳುತ್ತೆ, ಅದೂ ರೆಕ್ಕೆಯ ಗುಂಯ್ ಅನ್ನುವ ಕೆಲವು ನೂರು ಹರ್ಟ್ಸ್‌ನ ಆಸುಪಾಸಿನಲ್ಲಿ. ಸದ್ದಿನಿಂದ ಸೊಳ್ಳೆ ಓಡಿಸುವ ಸಾಧನಗಳ ಬಗ್ಗೆ ಮನೆ ಹೊರಗೆ ನಡೆದ 10 ಅಧ್ಯಯನಗಳನ್ನು 2007ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಒಟ್ಟಿಗೆ ನೋಡಿದರು. ಮಷೀನು ಇದ್ದರೂ ಇಲ್ಲದಿದ್ದರೂ ಮೈಮೇಲೆ ಕೂರುವ ಸೊಳ್ಳೆ ಅಷ್ಟೇ! ವ್ಯಾಪಾರದಲ್ಲಿ ಗ್ರಾಹಕರಿಗೆ ಮೋಸ ಆಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಡಬ್ಬಿಗಳ 60ಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಪತ್ರ ಬರೆದು, ನೀವು ಹೇಳಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಅಂತ ಎಚ್ಚರಿಸಿತ್ತು.

ಇಲಿ ಬೇಡ ಅಂದ್ರೆ ಸಿಂಕಿನ ಕೆಳಗೆ ಬಗ್ಗಿ ನೋಡಿ. ಪೈಪು ಗೋಡೆ ಸೇರುವಲ್ಲಿ ಬೆರಳು ತೂರುವಷ್ಟು ಸಂದಿ ಸಾಕು, ಸುಂಡಿಲಿ ಒಳಗೆ. ಅಲ್ಲಿಗೆ ಸ್ಟೀಲ್ ವುಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ತುರುಕಿ ಮೇಲೆ ಸಿಮೆಂಟ್ ಮೆತ್ತಿ, ಮೋರಿಗೆ ಜಾಲರಿ ಹಾಕಿ, ರಾತ್ರಿ ಕಸ ಒಳಗಿಡಬೇಡಿ. ಮನೆಯಲ್ಲಿ ಮಕ್ಕಳು ಹ್ಯಾಮ್‌ಸ್ಟರ್ ಸಾಕಿದ್ದರೆ ಆ ಡಬ್ಬಿಯನ್ನು ಈಗಲೇ ಕೀಳಿ. ಬೋನಿನಲ್ಲಿರುವ ಅದಕ್ಕೆ ಆ ಸದ್ದು ಕೇಳುತ್ತೆ, ಎದ್ದು ಹೋಗೋಕೆ ಜಾಗ ಇಲ್ಲ.