ಕುತ್ತಿಗೆಯ ಕಾಂಟ್ರಾಸ್ಟ್ ಎಂಆರ್‌ಐ: ಸ್ಕ್ಯಾನಿಗೆ ಮುಂಚೆ ರೋಗಿಗೆ ಹೇಳಬೇಕಾದ ಮಾತುಗಳು

ಇಮೇಜಿಂಗ್ ತಂತ್ರಜ್ಞಾನ ಓದುವವರಿಗೆ ಗ್ಯಾಡೊಲಿನಿಯಂ (ಎಂಆರ್‌ಐಗೆ ಇಂಜೆಕ್ಷನ್ ಆಗಿ ಕೊಡುವ ಕಾಂಟ್ರಾಸ್ಟ್ ಔಷಧದಲ್ಲಿರುವ ಲೋಹ) ಬಗ್ಗೆ ಎರಡು ಪುಟ ಬರೆಯುವುದು ಕಷ್ಟವಲ್ಲ. ಕೈಗೆ ಕ್ಯಾನುಲಾ (ರಕ್ತನಾಳಕ್ಕೆ ಔಷಧ ಕೊಡುವ ಸಣ್ಣ ಕೊಳವೆ) ಹಾಕಿಸಿಕೊಂಡು ಬೆಂಚಿನ ಮೇಲೆ ಕುಳಿತವರಿಗೆ ಅದನ್ನೇ ಎರಡು ನಿಮಿಷದಲ್ಲಿ ತಿಳಿಸುವುದು ಕಷ್ಟ. ಈ ಟಿಪ್ಪಣಿ ಆ ಎರಡು ನಿಮಿಷಕ್ಕಾಗಿ.

ಮೊದಲು ವೈದ್ಯರ ಚೀಟಿ ನೋಡಿ. ಕತ್ತುನೋವು, ಕೈ ಜೋಮು ಎಂದು ಬಂದವರಿಗೆ ಸಾಮಾನ್ಯವಾಗಿ ಬೇಕಾಗುವುದು ಕತ್ತಿನ ಬೆನ್ನುಮೂಳೆಯ ಎಂಆರ್‌ಐ. ಡಿಸ್ಕ್ ಜಾರಿದೆಯೇ ಎಂದು ತಿಳಿಯಲು ಹೆಚ್ಚಾಗಿ ಇಂಜೆಕ್ಷನ್ ಬೇಡ. ಬೆನ್ನುಮೂಳೆಯ ಕ್ಷಯ, ಗೆಡ್ಡೆ, ಹಿಂದೆ ಆಪರೇಷನ್ ಆದ ಜಾಗದಲ್ಲಿ ಮತ್ತೆ ನೋವು, ಇಂಥ ಅನುಮಾನಗಳಿದ್ದರೆ ಮಾತ್ರ ಬೇಕು. ಗಂಟಲು, ನಾಲಿಗೆಯ ಬುಡ, ಜೊಲ್ಲುಗ್ರಂಥಿ, ದುಗ್ಧರಸ ಗ್ರಂಥಿಗಳನ್ನು ನೋಡುವ ಕುತ್ತಿಗೆಯ ಎಂಆರ್‌ಐ ಬೇರೆಯೇ ಪರೀಕ್ಷೆ. ಅದರಲ್ಲಿ ಗೆಡ್ಡೆ ಅಥವಾ ಕೀವಿನ ಅನುಮಾನವಿದ್ದರೆ ಕಾಂಟ್ರಾಸ್ಟ್ ಬೇಕಾಗುತ್ತದೆ. (ಥೈರಾಯಿಡ್ ಗಂಟಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್, ಎಂಆರ್‌ಐ ಅಲ್ಲ.) "ನಮ್ಮ ಪಕ್ಕದ ಮನೆಯವರಿಗೂ ಕುತ್ತಿಗೆ ಸ್ಕ್ಯಾನ್ ಮಾಡಿದರು, ಅವರಿಗೆ ಇಂಜೆಕ್ಷನ್ ಕೊಡಲಿಲ್ಲವಲ್ಲ?" ಎಂದು ಕೇಳುವವರಿಗೆ ಈ ವ್ಯತ್ಯಾಸವೇ ಉತ್ತರ.

ಇಂಜೆಕ್ಷನ್ ಏನು ಮಾಡುತ್ತದೆ? ಔಷಧದಲ್ಲಿರುವ ಗ್ಯಾಡೊಲಿನಿಯಂ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿವೆ. ಅದರ ಸಮೀಪಕ್ಕೆ ಬಂದ ನೀರಿನ ಪ್ರೋಟಾನುಗಳು ಬೇಗ ಮೂಲಸ್ಥಿತಿಗೆ ಮರಳುವುದರಿಂದ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತದೆ. ರಕ್ತನಾಳಗಳು ಹೆಚ್ಚಿರುವಲ್ಲಿ, ಅವುಗಳ ಗೋಡೆ ಸೋರುವಲ್ಲಿ ಔಷಧ ಹೆಚ್ಚು ಸೇರುತ್ತದೆ. ಕುತ್ತಿಗೆಯಲ್ಲಿ ಬಾವು ಬಂದವರನ್ನು ನೋಡಿ: ಅಂಚು ಉಂಗುರದಂತೆ ಬೆಳಗಿ ಒಳಭಾಗ ಕಪ್ಪಾಗಿಯೇ ಉಳಿದರೆ ಅಲ್ಲಿ ಕೀವು ಕಟ್ಟಿರುವ ಸಾಧ್ಯತೆ ಹೆಚ್ಚು, ಕೊಯ್ದು ತೆಗೆಯಬೇಕೇ ಎಂದು ಸರ್ಜನ್ ನಿರ್ಧರಿಸಬಹುದು. ಇಡೀ ಜಾಗ ಮಸುಕಾಗಿ ಬೆಳಗಿದರೆ ಇನ್ನೂ ಕೀವು ಕೂಡಿಲ್ಲ, ಆಂಟಿಬಯೋಟಿಕ್‌ನಿಂದಲೇ ಇಳಿಯಬಹುದು. ತಂಬಾಕು, ಗುಟ್ಕಾ ಜಗಿಯುವವರು ಬಹಳವಿರುವ ನಮ್ಮ ಕಡೆ ಕೆನ್ನೆಯ ಒಳಭಾಗದ ಕ್ಯಾನ್ಸರ್ ಅಪರೂಪವಲ್ಲ. ಅದು ನರದ ಗುಂಟ ತಲೆಬುರುಡೆಯ ತಳದತ್ತ ಹಬ್ಬುವುದನ್ನು ಕಾಂಟ್ರಾಸ್ಟ್ ಇಲ್ಲದೆ ಗುರುತಿಸುವುದು ಬಲು ಕಷ್ಟ.

ಇಲ್ಲಿಂದಲೇ ಅತಿ ಮುಖ್ಯವಾದ ಮಾತು ಹುಟ್ಟುತ್ತದೆ. ಕಾಂಟ್ರಾಸ್ಟ್ ಎಂಆರ್‌ಐ ಎಂದರೆ ಔಷಧಕ್ಕೆ ಮುಂಚಿನ ಚಿತ್ರವನ್ನೂ ನಂತರದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು. ಮೊದಲ ಅರ್ಧ ಮುಗಿದ ಮೇಲೆ ಮೇಜು ಹೊರಬಂದು, ಕ್ಯಾನುಲಾದ ಮೂಲಕ ಔಷಧ ಹೋದಾಗ ರೋಗಿ "ಮುಗಿಯಿತು" ಎಂದುಕೊಂಡು ಕತ್ತು ತಿರುಗಿಸಿದರೆ ಆ ಹೋಲಿಕೆಯೇ ಕೆಡುತ್ತದೆ. ಆದ್ದರಿಂದ ಮೊದಲೇ ಹೇಳಿ: "ಅಮ್ಮ, ನಡುವೆ ಇಂಜೆಕ್ಷನ್ ಕೊಡಲು ಬರುತ್ತೇವೆ, ಆಗಲೂ ತಲೆ ಅಲುಗಿಸಬೇಡಿ. ಸದ್ದು ಬರುವಾಗ ಉಗುಳು ನುಂಗಬೇಡಿ, ಸದ್ದು ನಿಂತಾಗ ನುಂಗಿ." ಉಗುಳು ನುಂಗಿದಾಗಲೆಲ್ಲ ಧ್ವನಿಪೆಟ್ಟಿಗೆಯೂ ನಾಲಿಗೆಯ ಬುಡವೂ ಮೇಲೆ ಹೋಗಿ ಕೆಳಗಿಳಿಯುತ್ತವೆ. ನಾವು ನೋಡಬೇಕಾದ ಜಾಗವೂ ಅದೇ. ಬರಿದೇ "ಅಲುಗಾಡಬೇಡಿ" ಎಂದರೆ ಜನ ಕೈಕಾಲು ಬಿಗಿಹಿಡಿದು ಮಲಗುತ್ತಾರೆ, ಗಂಟಲು ಮಾತ್ರ ಆಡುತ್ತಲೇ ಇರುತ್ತದೆ. ಕಾರಣ ತಿಳಿಸಿದರೆ ಹೆಚ್ಚಿನವರು ಚೆನ್ನಾಗಿ ಸಹಕರಿಸುತ್ತಾರೆ. ಇಡೀ ಪರೀಕ್ಷೆಗೆ ಸುಮಾರು 30ರಿಂದ 45 ನಿಮಿಷ ಹಿಡಿಯುತ್ತದೆ, ಮುಖದ ಹತ್ತಿರವೇ ಕಾಯಿಲ್ (ಸಂಕೇತ ಹಿಡಿಯುವ ಚೌಕಟ್ಟು) ಇರುತ್ತದೆ, ಕರೆಯಲು ಕೈಯಲ್ಲಿ ರಬ್ಬರ್ ಬುರುಡೆ ಕೊಡುತ್ತೇವೆ, ಇದನ್ನೂ ಮುಂಚೆಯೇ ಹೇಳಿ.

ಒಡವೆಯ ವಿಷಯಕ್ಕೆ ಬರೋಣ. ತಾಳಿ ತೆಗೆಯಲು ಒಪ್ಪದವರೊಡನೆ ವಾದಕ್ಕಿಳಿಯಬೇಡಿ. ಚಿನ್ನವನ್ನು ಅಯಸ್ಕಾಂತ ಸೆಳೆಯುವುದಿಲ್ಲ ಎಂಬುದು ನಿಜ. ಆದರೆ ಕುತ್ತಿಗೆಯ ಸ್ಕ್ಯಾನಿನಲ್ಲಿ ಸರ ಇರುವುದು ಚಿತ್ರ ತೆಗೆಯುವ ಜಾಗದಲ್ಲೇ. ಅದು ಬಿಸಿಯಾಗಬಹುದು, ಸುತ್ತಲಿನ ಚಿತ್ರವನ್ನು ಕೆಡಿಸಬಹುದು. ಕಾಂಟ್ರಾಸ್ಟ್ ನಂತರದ ಚಿತ್ರದಲ್ಲಿ ಕೊಬ್ಬಿನ ಬಿಳುಪನ್ನು ಅಡಗಿಸಬೇಕು, ಇಲ್ಲವಾದರೆ ಔಷಧದ ಬಿಳುಪು ಅದರೊಳಗೆ ಕರಗಿಹೋಗುತ್ತದೆ. ಲೋಹ ಹತ್ತಿರವಿದ್ದರೆ ಈ ಅಡಗಿಸುವಿಕೆಯೇ ಕೈಕೊಡುತ್ತದೆ. ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿಕೊಳ್ಳಲು ಹೇಳಿದರೆ ಎಷ್ಟೋ ಹೆಂಗಸರು ಸಮಾಧಾನದಿಂದ ತಾಳಿ ತೆಗೆದುಕೊಡುತ್ತಾರೆ, ಸ್ಕ್ಯಾನಿಗೂ ಅಡ್ಡಿಯಿಲ್ಲ. ತಾಳಿಗಿಂತ ಅಪಾಯಕಾರಿಯಾದದ್ದು ತಾಳಿಸರಕ್ಕೆ, ಬಳೆಗೆ ಸಿಕ್ಕಿಸಿಟ್ಟ ಉಕ್ಕಿನ ಪಿನ್ನು. ಅದು ಹಾರುತ್ತದೆ. ಹೇರ್‌ಪಿನ್, ಉಡಿದಾರದ ತಾಯಿತ, ಕಾಲುಂಗುರ, ತೆಗೆದಿಡಬಹುದಾದ ಹಲ್ಲುಸೆಟ್ಟು ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ ಕೇಳಿ.

ದೇಹದೊಳಗಿನ ಲೋಹವನ್ನೂ ಹಾಗೆಯೇ ವಿಚಾರಿಸಬೇಕು: ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ. ಇವುಗಳ ವಿವರವಿರುವ ಕಾರ್ಡು ನೋಡದೆ ಒಳಗೆ ಬಿಡಬಾರದು. ಲೇಥ್, ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡುವವರನ್ನು ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತೇ ಎಂದು ಕೇಳಿ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಿಂದ ಬರುವವರಿಗೆ ಈ ಪ್ರಶ್ನೆ ಬಿಡಲೇಬಾರದು. ಜೊತೆಗೆ ಬಂದವರಿಗೂ ಒಂದು ಮಾತು: ಸ್ಕ್ಯಾನ್ ನಡೆಯದಿರುವಾಗಲೂ ಅಯಸ್ಕಾಂತ ಸದಾ ಚಾಲೂ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ರೋಗಿಯ ಸಂಬಂಧಿಕರೊಬ್ಬರು ಪ್ರಾಣ ಕಳೆದುಕೊಂಡರು.

ಔಷಧದ ಸುರಕ್ಷತೆ ಕುರಿತು. ಬಿಡಿ ಗ್ಯಾಡೊಲಿನಿಯಂ ವಿಷಕಾರಿ. ಆದ್ದರಿಂದ ಅದನ್ನು ಇನ್ನೊಂದು ಅಣುವಿನೊಳಗೆ ಬಂಧಿಸಿ ಕೊಡುತ್ತಾರೆ. ಉಂಗುರದ ರಚನೆಯ ಔಷಧಗಳಲ್ಲಿ ಈ ಬಂಧ ಗಟ್ಟಿ, ಸರಪಳಿ ರಚನೆಯವುಗಳಲ್ಲಿ ಸಡಿಲ. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಚರ್ಮ ಮತ್ತು ಒಳಾಂಗಗಳು ಬಿಗಿದುಕೊಳ್ಳುವ ಒಂದು ರೋಗಕ್ಕೂ ಗ್ಯಾಡೊಲಿನಿಯಂಗೂ ನಂಟಿದೆಯೆಂದು 2006ರಲ್ಲಿ ಗೊತ್ತಾಯಿತು. 2014ರಲ್ಲಿ ಜಪಾನಿನ ಸಂಶೋಧಕರು, ಹಲವು ಬಾರಿ ಔಷಧ ಪಡೆದವರ ಮಿದುಳಿನಲ್ಲಿ ಅದರ ಗುರುತು ಉಳಿಯಬಹುದೆಂದು ತೋರಿಸಿದರು. ಹಾಗೆ ಉಳಿದದ್ದರಿಂದ ಮಿದುಳಿಗೆ ಹಾನಿಯಾಗಿದೆ ಎಂದು ಸಾಬೀತಾಗಿಲ್ಲ. ಆದರೂ 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಸರಪಳಿ ರಚನೆಯ ಹಲವು ಔಷಧಗಳನ್ನು ಹಿಂದೆ ಸರಿಸಿತು. ಮೂತ್ರಪಿಂಡ ಕೆಟ್ಟವರಿಗಿರುವ ಆ ಅಪಾಯದಿಂದಾಗಿಯೇ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ಕೇಳುತ್ತೇವೆ. ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆಯಿದ್ದರೆ ರೇಡಿಯಾಲಜಿಸ್ಟ್ ಗಮನಕ್ಕೆ ತರದೆ ಮುಂದುವರಿಯಬಾರದು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಸ್ಕ್ಯಾನನ್ನು ಡಯಾಲಿಸಿಸ್‌ಗೆ ಸ್ವಲ್ಪ ಮುಂಚೆ ಬರುವಂತೆ ಹೊಂದಿಸುವುದು ಒಳ್ಳೆಯದು.

ಸಾಮಾನ್ಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.1 ಮಿಲಿಮೋಲ್. 60 ಕಿಲೋ ತೂಕದವರಿಗೆ ಔಷಧದ ಸಾಂದ್ರತೆ ನೋಡಿಕೊಂಡು 12 ಅಥವಾ 6 ಮಿಲಿಲೀಟರ್ ಆಗುತ್ತದೆ. ಜನ ಇದನ್ನು ಡೈ ಎನ್ನುತ್ತಾರಾದರೂ ಇದಕ್ಕೆ ಬಣ್ಣವಿಲ್ಲ, ಮೂತ್ರವೂ ಬಣ್ಣಗೆಡುವುದಿಲ್ಲ. ಒಳಹೋಗುವಾಗ ಕೈ ತಣ್ಣಗಾಗಬಹುದು, ಸ್ವಲ್ಪ ವಾಕರಿಕೆ ಬರಬಹುದು. ಮೊಣಕೈ ಬಳಿ ಉರಿದು ಊದಿದರೆ ಔಷಧ ನಾಳದಿಂದ ಹೊರಗೆ ಹೋಗುತ್ತಿದೆ ಎಂದರ್ಥ, ತಕ್ಷಣ ಬುರುಡೆ ಒತ್ತಲು ಹೇಳಿ. ತೀವ್ರ ಅಲರ್ಜಿ ಬಹಳ ಅಪರೂಪ. ಬಂದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬರುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಕೂರಿಸಿಕೊಂಡ ನಂತರವೇ ಕ್ಯಾನುಲಾ ತೆಗೆಯಬೇಕು. ಸಿಟಿ ಸ್ಕ್ಯಾನಿನ ಅಯೋಡಿನ್ ಔಷಧ ಒಗ್ಗದವರಿಗೆ ಇದೂ ಒಗ್ಗುವುದಿಲ್ಲ ಎಂದೇನಿಲ್ಲ, ಆದರೂ ಆ ವಿಷಯ ಫಾರಂನಲ್ಲಿ ದಾಖಲಾಗಿರಲಿ. ಇದಕ್ಕಾಗಿ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಎದೆಹಾಲು ಕುಡಿಸುವುದನ್ನೂ ಬಿಡಬೇಕಿಲ್ಲ, ಹಾಲಿಗೆ ಸೇರುವುದು ಅತ್ಯಲ್ಪ. ಗರ್ಭಿಣಿಯರಿಗೆ ಮಾತ್ರ ಅನಿವಾರ್ಯವಾದಾಗಲಷ್ಟೇ ಕೊಡುತ್ತಾರೆ.

ವರದಿ ಮೊಬೈಲಿಗೆ ಬಂದ ಕೂಡಲೇ "ಎನ್‌ಹ್ಯಾನ್ಸ್‌ಮೆಂಟ್" (ಔಷಧ ಸೇರಿ ಬೆಳಗುವುದು) ಎಂಬ ಪದ ಕಂಡು ಗಾಬರಿಯಾಗುವವರಿದ್ದಾರೆ. ಟಾನ್ಸಿಲ್, ಜೊಲ್ಲುಗ್ರಂಥಿ, ಥೈರಾಯಿಡ್, ಮೂಗಿನ ಒಳಪೊರೆ ಎಲ್ಲವೂ ಆರೋಗ್ಯವಂತರಲ್ಲೂ ಔಷಧ ಹೀರಿ ಬೆಳಗುತ್ತವೆ. ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ, ಅದನ್ನು ವಿವರಿಸಬೇಕಾದವರು ಚೀಟಿ ಬರೆದ ವೈದ್ಯರು. ರೇಡಿಯೇಷನ್ ಅಥವಾ ಆಪರೇಷನ್ ಆದವರಲ್ಲಿ ಗಾಯದ ಕಲೆಯೂ ಬೆಳಗುವುದರಿಂದ ಹಳೆಯ ಸ್ಕ್ಯಾನ್ ಇಲ್ಲದೆ ರೇಡಿಯಾಲಜಿಸ್ಟ್‌ಗೂ ಖಚಿತವಾಗಿ ಹೇಳುವುದು ಕಷ್ಟ. ಫಿಲಂ ಒಂದೇ ಸಾಲದು, ಸಿಡಿಯನ್ನೂ ತರುವಂತೆ ಅಪಾಯಿಂಟ್‌ಮೆಂಟ್ ಕೊಡುವಾಗಲೇ ತಿಳಿಸಿ.